ಹಳಹಳಿ, ಬ್ಯಾಸರ, ಚಿಂತಿ: ಒಂಬತ್ತು ಪ್ರಶ್ನೆಗೂ ಮೊದಲು ನಾನು ಕೇಳುವುದು

"ಹಳ್ಳಿ ಮಂದಿ ಮನಸ್ಸಿನ ಮಾತು ಆಡೋದಿಲ್ಲ, ಸುಮ್ನೆ ಫಾರ್ಮ್ ತುಂಬ್ರಿ" ಅಂತ ಜೊತೆಗಿದ್ದವರೇ ನಗುತ್ತಿದ್ದರು. ಈಗ ಅವರೇ ನನ್ನ ಪದಗಳ ವಹಿ ಕೇಳಿ ಒಯ್ಯುತ್ತಾರೆ. ಬಾಗಲಕೋಟೆ ಸುತ್ತಿನ ಪುನರ್ವಸತಿ ಊರುಗಳಲ್ಲಿ ಆಪ್ತಸಮಾಲೋಚನೆ ಮಾಡುತ್ತೇನೆ. ಅಲ್ಲಿ ತುಂಬುವ ಫಾರ್ಮ್ ಪಿಎಚ್‌ಕ್ಯೂ-9, ಖಿನ್ನತೆ ಇದೆಯೇ ಅಂತ ಅಂಕ ಹಾಕಿ ನೋಡುವ ಒಂಬತ್ತು ಪ್ರಶ್ನೆಗಳ ಪಟ್ಟಿ.

"ಖಿನ್ನತೆ ಇದೆಯಾ?" ಅಂದರೆ "ಹಂಗೇನಿಲ್ರಿ" ಅಂತಾರೆ. "ಬ್ಯಾಸರ ಆಗೈತೇನ್ರಿ?" ಅಂದರೆ ಎಲ್ಲರದೂ ಹೌದು. ಬಿಸಿಲಿಗೂ ಬ್ಯಾಸರ, ಕರೆಂಟ್ ಹೋದರೂ ಬ್ಯಾಸರ. ಮುಖಗಳ ಚಿತ್ರದ ಕಾರ್ಡ್ ಮಾಡಿಸಿದೆ. ಲ್ಯಾಮಿನೇಷನ್ ಸೇರಿ ಮೂರೂವರೆ ಸಾವಿರದ ಆಸುಪಾಸು, ಎಲ್ಲ ಕೈಯಿಂದಲೇ. ಅಜ್ಜಿಯರು ಅವನ್ನು ಮೊಮ್ಮಕ್ಕಳಿಗೆ ಆಡಲು ಕೊಟ್ಟರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಹೋದರೆ ಮಾತೇ ನಿಂತಿತು.

ಆಮೇಲೆ ಅವರು ಆಡುವ ಪದಗಳನ್ನೇ ಹಿಡಿದೆ. "ಚಿಂತಿ" ಮುಂದಿನದು: ಸಾಲ, ಮಗಳ ಮದುವೆ, ಬರಬೇಕಾದ ಕಬ್ಬಿನ ಬಿಲ್ಲು. "ಹಳಹಳಿ" ಕಳೆದುಹೋದದ್ದರದು. ಆಲಮಟ್ಟಿ ಹಿನ್ನೀರಿನಲ್ಲಿ ಊರು ಮುಳುಗಿದವರ ಬಾಯಲ್ಲಿ ಇದು ಜಾಸ್ತಿ. "ಆ ಹೊಲ ನೆನಪಾದ್ರ ಹಳಹಳಿ ಆಗತೈತ್ರಿ" ಅನ್ನುವವರು ಹೆಚ್ಚಾಗಿ ಉಣ್ಣುತ್ತಾರೆ, ಮಲಗುತ್ತಾರೆ, ಸಂತೆಗೂ ಹೋಗುತ್ತಾರೆ. "ಭಾಳ ಕೆಟ್ಟ ಅನಿಸ್ತು" ಒಂದು ಘಟನೆಯದು, ಎರಡು ದಿನಕ್ಕೆ ಇಳಿಯುತ್ತದೆ. "ಮನಸಿಗೆ ಹಚ್ಚಿಕೊಂಡಾರ" ಬೇರೆಯೇ. ಅದನ್ನು ಮನೆಯವರು ಹೇಳುತ್ತಾರೆ, ಒಳಗೊಳಗೇ ನೋಯುವವರು ಹೇಳುವುದಿಲ್ಲ. ಈ ಮಾತು ಕೇಳಿ ನಾನು ಹೋಗಿ ನೋಡಿದ ಹತ್ತು ಜನರಲ್ಲಿ ಆರೇಳು ಮಂದಿಯ ಪಿಎಚ್‌ಕ್ಯೂ-9 ಅಂಕ 10 ದಾಟಿರುತ್ತಿತ್ತು, ಅಂದರೆ ಖಿನ್ನತೆ ಇರಬಹುದು ಅನ್ನುವ ಮಟ್ಟ. "ಖಿನ್ನತೆ" ಅಂತ ಕೇಳಿದ್ದರೆ ಅವರು ಒಬ್ಬರೂ ಸಿಗುತ್ತಿರಲಿಲ್ಲ.

ನಡುವೆ ಇಳಕಲ್ಲಿನಲ್ಲಿ ಮಗ್ಗ ನಡೆಯುವಾಗಲೇ ನೇಕಾರರನ್ನು ಮಾತಾಡಿಸಿ ನೋಡಿದೆ. ಕೈ ಕೆಲಸದಲ್ಲಿದ್ದರೆ ಬಾಯಿ ಬಿಚ್ಚುತ್ತಾರೆ, ಆದರೆ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಜೋಳ ಹಸನು ಮಾಡುವ ಹೊತ್ತೇ ವಾಸಿ. ಕೂತ ಮೇಲೆ ಮೊದಲ ಮಾತು ಏನಾಡುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಊರಿಗೆ ಬನ್ನಿ, ಜೊತೆಗೆ ಕೂಡಿಸಿಕೊಂಡು ತೋರಿಸುತ್ತೇನೆ.

ಒಂದನ್ನು ಮಾತ್ರ ಮುಚ್ಚಿಡುವಂತಿಲ್ಲ. "ಜೀವಾ ಬ್ಯಾಸತ್ತೈತಿ" ಅಂದರೆ ಅದನ್ನು ಬ್ಯಾಸರದ ಲೆಕ್ಕಕ್ಕೆ ಹಾಕಬೇಡಿ. ನಾನು ಉಳಿದ ಎಂಟು ಬಿಟ್ಟು ಒಂಬತ್ತನೆಯ ಪ್ರಶ್ನೆಗೇ ಹೋಗುತ್ತೇನೆ. "ಸಾಯಬೇಕು ಅನಿಸೈತೇನ್ರಿ?" ಅಂತ ನೇರವಾಗಿ ಕೇಳುತ್ತೇನೆ. ಹೌದು ಅಂದರೆ ಒಬ್ಬರನ್ನೇ ಬಿಡುವುದಿಲ್ಲ. ಮನೆಯವರನ್ನು ಕರೆಯುತ್ತೇನೆ, ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಹಚ್ಚುತ್ತೇನೆ, ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ.