ಮೂರು ದಿನದ ಗೆಣಸು, ಮೂರು ವಾರದ ಹಡಗು

ಘಾನಾದ ತೇಮಾ ಬಂದರಿನ ಗೋದಾಮಿನಲ್ಲಿ ಚೀಲದ ಬಾಯಿ ಬಿಚ್ಚಿದಾಗ ಮುಖಕ್ಕೆ ಹೊಡೆದದ್ದು ಮುಗ್ಗಲು ವಾಸನೆ. ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಒಣಗಿಸಿದ ಮರಗೆಣಸಿನ ಚೂರುಗಳಿಗೆ ಬೂಷ್ಟು ಹಿಡಿದಿತ್ತು. ಅದು ನನ್ನ ಮೊದಲ ರಫ್ತಿನ ಸರಕು. ಹಡಗು ಹತ್ತಲೇ ಇಲ್ಲ.

ಬೇರೆ ಕೆಲಸಕ್ಕೆಂದು ಈ ದೇಶಕ್ಕೆ ಬಂದವನು ನಾನು. ಇಲ್ಲಿನವರು ‘ಬಂಕ್ಯೆ’ ಎಂದು ಕರೆಯುವ ಮರಗೆಣಸನ್ನು ಕಂಡಾಗ ಸೇಲಂನಿಂದ ನಮ್ಮೂರಿಗೆ ಬರುತ್ತಿದ್ದ ಸಬ್ಬಕ್ಕಿ ನೆನಪಾಯಿತು. ಅದೂ ಇದೇ ಗೆಣಸಿನ ಪಿಷ್ಟವಲ್ಲವೇ. ವರ್ಷಕ್ಕೆ 2 ಕೋಟಿ ಟನ್‌ಗೂ ಹೆಚ್ಚು ಬೆಳೆಯುವ ದೇಶ ರಫ್ತಿನಲ್ಲಿ ಯಾಕೆ ಇಷ್ಟು ಹಿಂದೆ ಎಂಬ ಪ್ರಶ್ನೆ ತಲೆ ಹೊಕ್ಕಿತು. ಸರಕು ಕೆಟ್ಟ ಮೇಲೆ, ತಡವಾಗಿಯಾದರೂ, ಹಳೆಯ ಕಥೆಯನ್ನು ಕೆದಕಿದೆ.

1990ರ ದಶಕದಲ್ಲಿ ಇಲ್ಲಿಂದ ಒಣ ಚೂರುಗಳು ಯುರೋಪಿಗೆ ಪಶು ಆಹಾರವಾಗಿ ಹೋಗುತ್ತಿದ್ದವು. ಆ ಮಾರುಕಟ್ಟೆಯ ದೊರೆ ಥಾಯ್ಲೆಂಡ್. 1992ರ ಕೃಷಿ ಸುಧಾರಣೆಯಲ್ಲಿ ಯುರೋಪು ತನ್ನ ಧಾನ್ಯದ ಬೆಂಬಲ ಬೆಲೆಯನ್ನು ಇಳಿಸಿತು. ಅಲ್ಲಿನ ದನ, ಹಂದಿಗಳಿಗೆ ಅಲ್ಲಿನ ಗೋಧಿಯೇ ಅಗ್ಗವಾಗುತ್ತಾ ಹೋದಾಗ ದೂರದ ಗೆಣಸನ್ನು ಕೇಳುವವರು ಕಡಿಮೆಯಾದರು. ಘಾನಾದ ಸಣ್ಣ ತೊರೆ ದಶಕ ಮುಗಿಯುವಷ್ಟರಲ್ಲಿ ಸೊರಗಿತು. 2001ರಲ್ಲಿ ಅಧ್ಯಕ್ಷ ಕುಫೂರ್ ಪಿಷ್ಟದ ರಫ್ತಿಗೆ ವಿಶೇಷ ಯೋಜನೆ ತಂದರು. ಬಾವ್‌ಜಿಯಾಸೆಯಲ್ಲಿ ಅಯೆನ್ಸು ಪಿಷ್ಟ ಕಾರ್ಖಾನೆ ಎದ್ದಿತು. ಯಂತ್ರಗಳಿದ್ದವು, ಆದರೆ ಸಾಕಷ್ಟು ಗೆಣಸು ಬರಲಿಲ್ಲ. ಕಾರ್ಖಾನೆಗಿಂತ ಊರಿನಲ್ಲಿ ಗಾರಿ, ಅಂದರೆ ಹುಳಿ ಬರಿಸಿ ಹುರಿದ ಗೆಣಸಿನ ತರಿ, ಮಾಡುವವರು ಹೆಚ್ಚು ಬೆಲೆ ಕೊಡುತ್ತಿದ್ದರು. ರೈತರು ಅತ್ತ ಹೋದರೆ ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ನನ್ನ ತಪ್ಪು ಬೇರೆ. ಹಸಿ ಗೆಣಸಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಕಿತ್ತ ಎರಡು ಮೂರು ದಿನಗಳಲ್ಲಿ ತಿರುಳಿನೊಳಗೆ ನೀಲಿ ಕಪ್ಪು ಗೆರೆಗಳು ಹರಿಯುತ್ತವೆ. ನಾನು ಚೂರು ಕೊಂಡದ್ದು ಜೂನ್‌ನಲ್ಲಿ, ಮಳೆಯ ನಡುವೆ. ದಲ್ಲಾಳಿ ಒಣಗಿದೆ ಎಂದ, ನಂಬಿದೆ. ನಾನು ತಿಪಟೂರಿನವನು! ತಾತ ಅಟ್ಟದ ಮೇಲಿನ ಒಂದೊಂದು ಕಾಯಿಯನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಮಾತ್ರ ಇಳಿಸುತ್ತಿದ್ದರು. ಅದನ್ನು ನೋಡುತ್ತಾ ಬೆಳೆದ ನಾನು ಒಂದು ಚೂರನ್ನೂ ಮುರಿದು ನೋಡಿರಲಿಲ್ಲ. ಸರಿಯಾಗಿ ಒಣಗಿದ ಚೂರು ಪಟ್ಟನೆ ಮುರಿಯುತ್ತದೆ, ಬೆರಳಿಗೆ ಸೀಮೆಸುಣ್ಣದಂಥ ಬಿಳಿ ಪುಡಿ ಹತ್ತುತ್ತದೆ. ಹಸಿ ಇದ್ದರೆ ಬಾಗುತ್ತದೆ.

ಮುಂದಿನ ಸಲ ಸಹಾರಾ ಕಡೆಯ ಒಣಗಾಳಿ ಹರ್ಮಟಾನ್ ಬೀಸುವ ಡಿಸೆಂಬರ್, ಜನವರಿಗೆ ಕಾದೆ. ರಸ್ತೆ ಬದಿಯಲ್ಲಿ ಹರಡುವುದನ್ನು ಬಿಡಿಸಿ, ನೆಲದಿಂದ ಎತ್ತರದ ಚಾಪೆಗಳ ಮೇಲೆ ಒಣಗಿಸಿದೆವು. ಮರಳು ಸೇರಿದರೆ ಕೊಳ್ಳುವವರು ಬೆಲೆ ಕತ್ತರಿಸುತ್ತಾರೆ. ಸರಕು ಚೆನ್ನಾಗಿತ್ತು. ಆದರೆ ಚೂರು ಹಗುರ, ಕಂಟೇನರ್ ತುಂಬಿದರೂ ತೂಕ ತುಂಬದು. ಹಡಗಿನ ಬಾಡಿಗೆ ಕಳೆದರೆ ಕೈಗೆ ಏನೂ ದಕ್ಕಲಿಲ್ಲ.

ಆಮೇಲೆ ಹಿಡಿದದ್ದು ಗಾರಿಯ ದಾರಿ. ಗೆಣಸನ್ನು ಸುಲಿದು, ತುರಿದು, ಚೀಲದಲ್ಲಿ ತುಂಬಿ ಮೇಲೆ ಭಾರ ಹೇರಿ, ಎರಡು ಮೂರು ದಿನ ಹುಳಿ ಬರಿಸಿ, ಜರಡಿ ಹಿಡಿದು ಹುರಿಯುವುದು. ಹಸಿ ಗೆಣಸಿನಲ್ಲಿರುವ ಸಯನೈಡ್ ಅಂಶ ಬಹುಪಾಲು ಈ ಹುಳಿಯಲ್ಲಿ, ಹಿಂಡುವುದರಲ್ಲಿ, ಹುರಿಯುವುದರಲ್ಲಿ ಹೋಗುತ್ತದೆ. ಅಂತರರಾಷ್ಟ್ರೀಯ ಮಾನಕದಂತೆ ಗಾರಿಯಲ್ಲಿ ಅದು ಕಿಲೋಗೆ 2 ಮಿಲಿಗ್ರಾಂ ಮೀರುವಂತಿಲ್ಲ. ನನಗೆ ಕಲಿಸಿದವರು ಹುರಿಯುವ ಹೆಂಗಸರು. ಹೊಗೆಯಲ್ಲಿ ಕಣ್ಣು ಕೆಂಪಾಗಿದ್ದರೂ ಸೋರೆಬುರುಡೆಯ ತುಂಡಿನಿಂದ ಬಾಣಲೆಯನ್ನು ಒತ್ತುತ್ತಾ, ಬಿಡಿಸುತ್ತಾ ಇರುತ್ತಾರೆ. ಕೈ ಒಂದು ಕ್ಷಣ ನಿಂತರೆ ಗಂಟು ಕಟ್ಟುತ್ತದೆ. ಒಬ್ಬಾಕೆ ಲೋಟದ ತಣ್ಣೀರಿಗೆ ಒಂದು ಹಿಡಿ ಗಾರಿ ಹಾಕಿ ತೋರಿಸಿದರು: ನೋಡನೋಡುತ್ತಲೇ ಅರಳಿ ಲೋಟದ ಕಂಠಕ್ಕೆ ಬಂತು. ಈಗ ನಾನು ಮೊದಲು ಮಾಡುವ ಪರೀಕ್ಷೆ ಅದೇ. ಇವರಿಗೆ ಕೂಲಿ ಉಳಿಸಿ ಲಾಭ ಮಾಡಲು ಹೋದವರ ಗಾರಿ ಎಂದೂ ಒಂದೇ ಗುಣಮಟ್ಟದಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಅರ್ಧ ಹಣವನ್ನು ಮುಂಗಡವಾಗಿಯೇ ಕೊಡುತ್ತೇನೆ.

ನನ್ನ ಗಾರಿ ಹೆಚ್ಚಾಗಿ ಲಂಡನ್ನಿನ ಘಾನಾದವರ ಅಂಗಡಿಗಳಿಗೆ ಹೋಗುತ್ತದೆ. ನೀರು, ಸಕ್ಕರೆ, ಹಾಲು, ಕಡಲೆಕಾಯಿ ಹಾಕಿ ನೆನೆಸಿ ತಿನ್ನುತ್ತಾರೆ.

ರಫ್ತಿನ ಹಳೆಯ ಅಂಕಿಗಳನ್ನು ವರ್ಷವಾರು ಜೋಡಿಸುವವರಿಗೆ ಒಂದು ಮಾತು. ಹಸಿ ಮತ್ತು ಒಣ ಗೆಣಸು 0714.10, ಪಿಷ್ಟ 1108.14, ಗೆಡ್ಡೆಗಳ ಹಿಟ್ಟು 1106.20, ಹೀಗೆ ಸುಂಕದ ಸಂಕೇತಗಳು ಬೇರೆ ಬೇರೆ. ಒಂದನ್ನೇ ನೋಡಿದರೆ ಗಾರಿ ಕಾಣದೇ ಹೋಗಬಹುದು. ಪಾಗಾ ಗಡಿ ದಾಟಿ ಬುರ್ಕಿನಾ ಫಾಸೊಗೆ ಹೋಗುವ ಲಾರಿಗಳ ಮೇಲೆ, ಈರುಳ್ಳಿ ತಂದ ಚೀಲಗಳ ಜಾಗದಲ್ಲಿ, ಗಾರಿ ಚೀಲಗಳನ್ನು ಹೇರಿದ್ದನ್ನು ನಾನೇ ನೋಡಿದ್ದೇನೆ. ಅಂಥ ವ್ಯಾಪಾರ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಿಯ ಸಣ್ಣ ಅಂಕಿಯನ್ನು ನೋಡಿ ಈ ದೇಶ ಗೆಣಸು ಮಾರಲಾರದು ಎಂದು ತೀರ್ಮಾನಿಸಬೇಡಿ.

ನಾಳೆ ನಸುಕಿನಲ್ಲಿ ಎರಡು ಗಾಡಿ ಹಸಿ ಗೆಣಸು ಬರುತ್ತದೆ. ಕತ್ತಲಾಗುವುದರೊಳಗೆ ಅಷ್ಟನ್ನೂ ಸುಲಿದು ತುರಿಯಬೇಕು.