ಹಳೇ ಬುಲೆಟ್ಟಿನ ಫ್ರಂಟ್ ಬ್ರೇಕ್ ಹಿಡಿಯುವಂತೆ ಮಾಡುವುದು ಹೇಗೆ?

ಬುಲೆಟ್ಟನ್ನು ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ, ಪಕ್ಕದಲ್ಲಿ ನಡೆಯುತ್ತಾ ತಳ್ಳಿ. ಸ್ವಲ್ಪ ವೇಗ ಬಂದ ಮೇಲೆ ಎರಡೇ ಬೆರಳಿನಿಂದ ಫ್ರಂಟ್ ಬ್ರೇಕ್ ಹಿಡಿಯಿರಿ. ಫೋರ್ಕ್ ಕುಗ್ಗಿ ಗಾಡಿ ಅಲ್ಲೇ ನಿಲ್ಲಬೇಕು. ಲಿವರ್ ಗ್ರಿಪ್ಪಿಗೆ ತಾಗುವಷ್ಟು ಒತ್ತಿದರೂ ಚಕ್ರ ಮೆಲ್ಲಗೆ ಉರುಳುತ್ತಲೇ ಇದೆಯಾ? ಹಾಗಾದರೆ ಆ ಬ್ರೇಕಿನಲ್ಲಿ ಕೆಲಸ ಇದೆ.

ನನ್ನದು ಬಲಗಾಲಿನಲ್ಲಿ ಗೇರ್, ಎಡಗಾಲಿನಲ್ಲಿ ಬ್ರೇಕ್ ಇರುವ ಹಳೇ 350. ಒಮ್ಮೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಮುಂದಿದ್ದ ಲಾರಿ ತಿರುವಿನಲ್ಲಿ ನಿಂತುಬಿಟ್ಟಿತು. ನನ್ನ ಗಾಡಿ ನಿಂತಾಗ ಲಾರಿಯ ಹಿಂಬದಿಗೂ ಹೆಡ್‌ಲೈಟಿಗೂ ಒಂದು ಗೇಣು ಉಳಿದಿತ್ತು. ಊರಿಗೆ ಬಂದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು: 'ಹಳೇ ಬುಲೆಟ್ಟಿನ ಬ್ರೇಕೇ ಅಷ್ಟು, ಡಿಸ್ಕ್ ಹಾಕಿಸು.' ಆ ಮಾತು ಅರ್ಧ ಮಾತ್ರ ನಿಜ. ಆಮೇಲೆ ನಾನು ಬಿಚ್ಚಿ ನೋಡಿದ ಹಳೇ ಗಾಡಿಗಳಲ್ಲಿ ಹೆಚ್ಚಿನವುಗಳ ಡ್ರಮ್, ಅಂದರೆ ಚಕ್ರದ ನಡುವಿನ ಡಬ್ಬಿಯಂಥ ಬ್ರೇಕ್, ತನ್ನ ಪೂರ್ತಿ ಶಕ್ತಿ ಕೊಡುತ್ತಲೇ ಇರಲಿಲ್ಲ. ಹಾಗಾಗಿ ಮೊದಲು ಡ್ರಮ್ ಸರಿ ಮಾಡಿ. ಸಾಲದಿದ್ದರೆ ಎರಡು ಕ್ಯಾಮ್ ಇರುವ ಪ್ಲೇಟ್ ಹಾಕಿ. ಪ್ಲೇಟ್ ಅಂದರೆ ಡ್ರಮ್ಮಿನ ಮುಚ್ಚಳ; ಅದರ ಮೇಲಿರುವ ಬಿಲ್ಲಿನಾಕಾರದ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುವುದೇ ಕ್ಯಾಮ್. ಡಿಸ್ಕ್ ಕೊನೆಗೆ.

ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಹಿಂದಿನ ಬ್ರೇಕನ್ನೇ ನಂಬಿ ಗಾಡಿ ಓಡಿಸುವವರು ಇದನ್ನು ಮರೆಯಬಾರದು.

ಮೊದಲು ಬಿಚ್ಚಿ ನೋಡಿ

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎಂಜಿನ್ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿ. ಕೇಬಲ್ ಕಳಚಿ, ಫೋರ್ಕಿನ ಬುಡದಲ್ಲಿ ಆಕ್ಸಲ್ ಹಿಡಿದಿರುವ ಕ್ಯಾಪ್‌ಗಳನ್ನು ಬಿಚ್ಚಿದರೆ ಚಕ್ರ ಕೈಗೆ ಬರುತ್ತದೆ. ಯಾವ ಕ್ಯಾಪ್ ಯಾವ ಕಡೆಯದು, ಯಾವುದು ಮುಂದೆ ಅಂತ ಗುರುತು ಮಾಡಿಟ್ಟುಕೊಳ್ಳಿ. ಅದಲು ಬದಲಾದರೆ ಆಕ್ಸಲ್ ನೇರ ಕೂರುವುದಿಲ್ಲ.

ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪಂಪೂ ಬೇಡ. ಶೂಗಳ ಮೇಲೆ ಅಂಟಿಸಿರುವ, ಡ್ರಮ್ಮಿಗೆ ಉಜ್ಜುವ ಪಟ್ಟಿಯೇ ಲೈನರ್. ಹಳೇ ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ.

ಈಗ ಲೈನರ್ ನೋಡಿ. ಗಾಜಿನಂತೆ ಹೊಳೆಯುತ್ತಿದ್ದರೆ ಅದು ಸುಟ್ಟು ಗಟ್ಟಿಯಾಗಿದೆ. ಗ್ರೀಸ್ ಅಥವಾ ಎಣ್ಣೆ ಕುಡಿದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಪ್ರಯೋಜನವಿಲ್ಲ, ಹೊಸದೇ ಬೇಕು. ಗ್ರೀಸ್ ಎಲ್ಲಿಂದ ಬಂತು ಅಂತಲೂ ಹುಡುಕಿ. ಬಹಳ ಸಲ ಬೇರಿಂಗಿನ ಸೀಲ್ ಹೋಗಿರುತ್ತದೆ.

ಶೂ ಮತ್ತು ಡ್ರಮ್ ಒಂದಾಗಬೇಕು

ಇಡೀ ಕೆಲಸದ ಜೀವ ಇರುವುದೇ ಇಲ್ಲಿ. ಅಂಗಡಿಯಿಂದ ಹೊಸ ಶೂ ತಂದು ಹಾಕಿದರೂ ಬ್ರೇಕ್ ಹಿಡಿಯುತ್ತಿಲ್ಲ ಅನ್ನುವವರು ಒಂದು ಪರೀಕ್ಷೆ ಮಾಡಿ. ಲೈನರ್ ಮೇಲೆ ಪೂರ್ತಿ ಸೀಮೆಸುಣ್ಣ ಉಜ್ಜಿ. ಚಕ್ರ ಜೋಡಿಸಿ, ತಿರುಗಿಸುತ್ತಾ ಬ್ರೇಕ್ ಮೆಲ್ಲಗೆ ತಾಗಿಸಿ, ಮತ್ತೆ ಬಿಚ್ಚಿ. ಸುಣ್ಣ ಅಳಿಸಿದ ಜಾಗ ಮಾತ್ರ ಡ್ರಮ್ಮಿಗೆ ತಾಗುತ್ತಿದೆ. ನನ್ನ ಗಾಡಿಯಲ್ಲಿ ಎರಡೂ ಶೂಗಳ ತುದಿಯಲ್ಲಿ ಹೆಬ್ಬೆರಳಿನಗಲ ಮಾತ್ರ ಅಳಿಸಿತ್ತು. ಉಳಿದ ಲೈನರ್ ಸುಮ್ನೆ ಕೂತಿತ್ತು.

ಡ್ರಮ್ ಅಂಡಾಕಾರಕ್ಕೆ ತಿರುಗಿದ್ದರೆ ಬ್ರೇಕ್ ಹಿಡಿದಾಗ ಲಿವರ್ ಮಿಡಿಯುತ್ತದೆ. ಅನುಭವ ಇರುವ ಲೇತ್ ಅಂಗಡಿಯಲ್ಲಿ ಚಕ್ರ ಸಮೇತ ಡ್ರಮ್ ಟರ್ನ್ ಮಾಡಿಸಿ, ಅಂದರೆ ಒಳಮೈ ಹೆರೆಸಿ. ಟೈರ್ ಬಿಗಿದು, ಚಕ್ರದ ಕಡ್ಡಿಗಳೆಲ್ಲ (ಸ್ಪೋಕ್) ಎಳೆತದಲ್ಲಿ ಇರುವಾಗಲೇ ಮಾಡಿಸಿದರೆ ಒಳ್ಳೆಯದು. ಯಾಕೆಂದರೆ ಕಡ್ಡಿಗಳ ಎಳೆತವೇ ಡ್ರಮ್ಮನ್ನು ಸ್ವಲ್ಪ ಎಳೆದಿರುತ್ತದೆ. ಉರುಟಾಗುವಷ್ಟು ಮಾತ್ರ ತೆಗೆಸಿ. ಜಾಸ್ತಿ ತೆಗೆದರೆ ಡ್ರಮ್ ತೆಳುವಾಗಿ ಬೇಗ ಕಾಯುತ್ತದೆ.

ಡ್ರಮ್ ದೊಡ್ಡದಾದ ಮೇಲೆ ಮಾಮೂಲಿ ಶೂ ಸಾಲದು. ಹಳೇ ಶೂಗಳಿಗೆ ಸ್ವಲ್ಪ ದಪ್ಪ ಲೈನರ್ ಹಾಕಿಸಿ. ಆಮೇಲೆ ಶೂಗಳನ್ನು ಪ್ಲೇಟಿನಲ್ಲೇ ಜೋಡಿಸಿ, ಕ್ಯಾಮ್ ಮತ್ತು ಶೂ ನಡುವೆ ತೆಳು ತಗಡಿನ ತುಂಡು ಕೊಟ್ಟು, ಡ್ರಮ್ಮಿನ ಅಳತೆಗೆ ಲೇತಿನಲ್ಲಿ ಟರ್ನ್ ಮಾಡಿಸಿ. ತಗಡು ತೆಗೆದಾಗ ಬೇಕಾದಷ್ಟೇ ಸಂದು ಉಳಿಯುತ್ತದೆ. ಲೈನರಿನ ಮುಂದಿನ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿ. ಇಲ್ಲದಿದ್ದರೆ ಕಿರುಚುತ್ತದೆ, ಒಮ್ಮೆಲೇ ಕಚ್ಚಿಕೊಳ್ಳಲೂಬಹುದು. ಸೀಮೆಸುಣ್ಣದ ಪರೀಕ್ಷೆ ಮತ್ತೆ ಮಾಡಿ. ಲೈನರಿನ ಬಹುಪಾಲು ತಾಗಬೇಕು.

ಜೋಡಿಸುವಾಗ ಕ್ಯಾಮಿನ ದಂಡಕ್ಕೆ ಬಿಸಿ ತಾಳುವ ಗ್ರೀಸ್ ಸವರಿದಷ್ಟೇ ಹಚ್ಚಿ. ಪ್ಲೇಟನ್ನು ಹಿಡಿದಿರುವ ನಟ್ ಸಡಿಲ ಇರುವಾಗಲೇ ಕ್ಯಾಮ್ ಆರ್ಮ್ (ಕೇಬಲ್ ಎಳೆಯುವ, ಕ್ಯಾಮ್ ತಿರುಗಿಸುವ ಹಿಡಿ) ಗಟ್ಟಿಯಾಗಿ ಎಳೆದು ಹಿಡಿದು, ಆಮೇಲೆ ನಟ್ ಬಿಗಿಯಿರಿ. ಆಗ ಶೂಗಳು ಡ್ರಮ್ಮಿನ ನಟ್ಟ ನಡುವೆ ಕೂರುತ್ತವೆ. ಒಂದು ನಿಮಿಷದ ಕೆಲಸ, ಆದರೆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಕೇಬಲ್ ಹಳೆಯದಾಗಿದ್ದರೆ ಬದಲಿಸಿ. ಹೊರ ಕವಚ ಮೆತ್ತಗಿದ್ದರೆ ನಿಮ್ಮ ಕೈಬಲ ಅದನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ. ಲೈನರ್ ಡ್ರಮ್ಮಿಗೆ ತಾಗುವ ಹೊತ್ತಿಗೆ ಕೇಬಲ್ಲಿಗೂ ಆರ್ಮಿಗೂ ನಡುವೆ ಹೆಚ್ಚು ಕಡಿಮೆ ಮೂಲೆಮಟ್ಟ, ಅಂದರೆ 90 ಡಿಗ್ರಿ ಇರಬೇಕು. ಲೈನರ್ ಸವೆದಾಗ ಆರ್ಮ್ ಕಿತ್ತು ತಿರುಗಿಸಿ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಹಾಗೆ ಮಾಡಿದರೆ ಸವೆತ ಕಣ್ಣಿಗೆ ಬೀಳುವುದಿಲ್ಲ. ಕ್ಯಾಮ್ ಪೂರ್ತಿ ಹೊರಳಿದರೆ ಬ್ರೇಕ್ ಹಿಡಿದದ್ದು ಬಿಡದೇ ಇರಬಹುದು.

ಎರಡು ಕ್ಯಾಮಿನ ಪ್ಲೇಟ್

ಹಳೇ ಪ್ಲೇಟಿನಲ್ಲಿ ಒಂದೇ ಕ್ಯಾಮ್. ಡ್ರಮ್ ತಿರುಗುವಾಗ ಒಂದು ಶೂವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಇನ್ನೊಂದನ್ನು ದೂರ ತಳ್ಳುತ್ತದೆ. ಎರಡು ಕ್ಯಾಮ್ ಇದ್ದರೆ ಎರಡೂ ಶೂಗಳು ಎಳೆತಕ್ಕೆ ಸಿಗುತ್ತವೆ. ಇದಕ್ಕೆ ಟ್ವಿನ್ ಲೀಡಿಂಗ್ ಅನ್ನುತ್ತಾರೆ. ಆಮೇಲೆ ಬಂದ ಬುಲೆಟ್ಟುಗಳಲ್ಲಿ ಕಂಪನಿಯೇ 7 ಇಂಚಿನ ಇಂಥ ಬ್ರೇಕ್ ಕೊಟ್ಟಿತು. ನಿಮ್ಮ ಡ್ರಮ್ 6 ಇಂಚಿನದ್ದೋ 7 ಇಂಚಿನದ್ದೋ ಅಳೆದು ನೋಡದೆ ಪ್ಲೇಟ್ ಕೊಳ್ಳಬೇಡಿ. ಸಾಧ್ಯವಾದರೆ ಚಕ್ರವನ್ನೇ ಅಂಗಡಿಗೆ ಒಯ್ದು ಕೂರಿಸಿ ನೋಡಿ. ಫೋರ್ಕಿನ ಉಬ್ಬಿಗೆ ಪ್ಲೇಟ್ ಬಿಗಿಯಾಗಿ ಸಿಕ್ಕಿಕೊಳ್ಳಬೇಕು. ಅದು ತಪ್ಪಿದರೆ ಬ್ರೇಕ್ ಹಿಡಿದಾಗ ಪ್ಲೇಟೇ ತಿರುಗಿ ಚಕ್ರ ಕಟ್ಟಿಕೊಳ್ಳುತ್ತದೆ.

ಎರಡೂ ಆರ್ಮ್‌ಗಳನ್ನು ಸೇರಿಸುವ ಒಂದು ಸರಳು ಇರುತ್ತದೆ. ಬಹಳ ಜನ ಮುಟ್ಟದೇ ಬಿಡುವುದು ಇದನ್ನೇ. ಸರಳನ್ನು ಒಂದು ತುದಿಯಲ್ಲಿ ಕಳಚಿ. ಒಂದೊಂದೇ ಆರ್ಮನ್ನು ಅದರ ಶೂ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ ಹಿಡಿಯಿರಿ. ಈ ಸ್ಥಿತಿಯಲ್ಲಿ ಸರಳಿನ ಉದ್ದವನ್ನು ಸರಿಹೊಂದಿಸಿ, ಎಳೆಯದೆ ತಳ್ಳದೆ ತೂತಿಗೆ ಕೂರುವಂತೆ ಮಾಡಿ ಲಾಕ್ ನಟ್ ಬಿಗಿಯಿರಿ. ಎರಡೂ ಶೂ ಒಂದೇ ಗಳಿಗೆಯಲ್ಲಿ ತಾಗದಿದ್ದರೆ ಈ ಪ್ಲೇಟ್ ಹಾಕಿಯೂ ಹಾಕದಂತೆ.

ಇದರಲ್ಲಿ ಒಂದು ಕೊರತೆ ಇದೆ. ಏರಿನಲ್ಲಿ ನಿಂತಾಗ ಗಾಡಿ ಹಿಂದಕ್ಕೆ ಜಾರಿದರೆ ಈ ಬ್ರೇಕ್ ಅಷ್ಟು ಹಿಡಿಯುವುದಿಲ್ಲ. ಆಗ ಹಿಂದಿನ ಬ್ರೇಕ್ ಬಳಸಿ.

ಡಿಸ್ಕೇ ಬೇಕು ಅಂದರೆ

2009ರಲ್ಲಿ ಬಂದ ಕ್ಲಾಸಿಕ್ 350ಗೆ 280 ಮಿ.ಮೀ. ಡಿಸ್ಕ್, ಅದನ್ನು ಎರಡೂ ಕಡೆಯಿಂದ ಹಿಡಿಯುವ ಎರಡು ಪಿಸ್ಟನ್‌ನ ಕ್ಯಾಲಿಪರ್ ಇತ್ತು. ಮಳೆಯಲ್ಲೂ ಘಾಟಿಯಲ್ಲೂ ಅದು ಡ್ರಮ್ಮಿಗಿಂತ ನಂಬಿಕಸ್ತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೇ ಫೋರ್ಕಿನಲ್ಲಿ ಕ್ಯಾಲಿಪರ್ ಕಟ್ಟಲು ಕಿವಿಗಳೇ ಇಲ್ಲ. ವೆಲ್ಡ್ ಮಾಡಿಸಿ ಕಟ್ಟುವ ಯೋಚನೆ ಮಾಡಲೇಬೇಡಿ. ಫೋರ್ಕ್, ಹಬ್, ಆಕ್ಸಲ್, ಡಿಸ್ಕ್, ಕ್ಯಾಲಿಪರ್, ಹೋಸ್, ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಭಾಗ) ಎಲ್ಲವೂ ಒಂದೇ ಮಾಡೆಲ್‌ನದ್ದಾಗಿರಲಿ. ಒಂದು ಗ್ಯಾರೇಜಿನಲ್ಲಿ ನನಗೆ ಬೇರೆ ಗಾಡಿಯ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿ ಕಳಿಸಿದ್ದರು. ಲಿವರ್ ಕಲ್ಲಿನಂತೆ ಗಟ್ಟಿ, ಬ್ರೇಕ್ ಮಾತ್ರ ಹಿಡಿಯದು. ಮಾಸ್ಟರ್ ಪಿಸ್ಟನ್ ದಪ್ಪವಾದಷ್ಟೂ ಅದೇ ಕೈಬಲಕ್ಕೆ ಒತ್ತಡ ಕಡಿಮೆಯಾಗುತ್ತದೆ.

ಕೆಲಸ ಶುರು ಮಾಡುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ವಿಮೆಯವರಿಗೂ ತಿಳಿಸಿ.

ಹೋಸ್ ಜೋಡಿಸುವಾಗ ತಾಮ್ರದ ವಾಷರ್ ಹೊಸದೇ ಇರಲಿ. ಮಾಸ್ಟರ್ ಸಿಲಿಂಡರ್ ಮುಚ್ಚಳದ ಮೇಲೆ ಬರೆದಿರುವ ಫ್ಲೂಯಿಡ್ ಹಾಕಿ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಮೇಲೆ ಆ ಮಟ್ಟ 155ಕ್ಕೂ ಇಳಿಯಬಹುದು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಗಾಳಿ ತೆಗೆಯಲು ಕ್ಯಾಲಿಪರ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಇನ್ನೊಂದು ತುದಿ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಲಿವರ್ ಒತ್ತಿ ಹಿಡಿದು ನಿಪ್ಪಲ್ ಸಡಿಲಿಸಿ, ಬಿಗಿಯಿರಿ, ಆಮೇಲೆ ಲಿವರ್ ಬಿಡಿ. ಗುಳ್ಳೆ ನಿಲ್ಲುವವರೆಗೂ ಇದೇ ಕೆಲಸ. ಮೇಲಿನ ಫ್ಲೂಯಿಡ್ ಖಾಲಿಯಾಗಲು ಬಿಡಬೇಡಿ.

ರಸ್ತೆಗೆ ಇಳಿದ ಮೇಲೆ

ಮೊದಲು ಮನೆ ಮುಂದೆ ತಳ್ಳಿಯೇ ಬ್ರೇಕ್ ಪರೀಕ್ಷಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಇಳಿಸಿ. ನಡುನಡುವೆ ಆರಲು ಸಮಯ ಕೊಡಿ. ಪೂರ್ತಿ ನಿಲ್ಲಿಸಿ ಬ್ರೇಕ್ ಹಿಡಿದೇ ಇರಬೇಡಿ. ಟೈರ್ ಕೂಡ ನೋಡಿಕೊಳ್ಳಿ. ರಬ್ಬರ್ ಒಣಗಿ ಸೀಳಿದ್ದರೆ ಹೊಸ ಬ್ರೇಕಿನ ಬಲ ರಸ್ತೆಗೆ ತಲುಪುವುದಿಲ್ಲ.

ಸುಮಾರು 300 ಕಿ.ಮೀ. ಓಡಿದ ಮೇಲೆ ಡ್ರಮ್ಮನ್ನು ಇನ್ನೊಮ್ಮೆ ಬಿಚ್ಚಿ ಲೈನರ್ ತಾಗಿದ ಗುರುತು ನೋಡಿ, ಕೇಬಲ್ ಸರಿಹೊಂದಿಸಿ. ಡಿಸ್ಕ್ ಆದರೆ ಕ್ಯಾಲಿಪರ್ ಬೋಲ್ಟ್‌ಗಳ ಬಿಗಿ, ಹೋಸ್ ಜೋಡಣೆಯ ಹತ್ತಿರ ಒದ್ದೆ ಇದೆಯಾ ಅಂತ ಬೆರಳಿಟ್ಟು ನೋಡಿ.