ಡಾರ್ಕ್‌ರೂಮ್ ಮುಚ್ಚಿದ ಮೇಲೆ ನನ್ನ ಕೆಲಸ

ನಾನು ಪತ್ರಿಕೆಗೆ ಫೋಟೊ ತೆಗೆಯಲು ಸೇರಿದಾಗ ಒಂದು ಫಿಲ್ಮ್ ರೋಲಿಗೆ 36 ಚಿತ್ರ, ಅಷ್ಟೇ. ಒಂದು ಕಾರ್ಯಕ್ರಮಕ್ಕೆ ಎರಡು ರೋಲ್ ಸಿಕ್ಕರೆ ಹೆಚ್ಚು. ಓಡಿ ಬಂದು ರೋಲನ್ನು ಡಾರ್ಕ್‌ರೂಮಿಗೆ, ಅಂದರೆ ಫಿಲ್ಮ್ ತೊಳೆಯುವ ಕತ್ತಲಕೋಣೆಗೆ ಕೊಡುತ್ತಿದ್ದೆ. ಅಲ್ಲಿದ್ದ ಹಿರಿಯರು ಪೂರ್ತಿ ಕತ್ತಲಲ್ಲಿ ಕೈ ಅಂದಾಜಿನಲ್ಲೇ ಫಿಲ್ಮನ್ನು ರೀಲಿಗೆ ಸುತ್ತುತ್ತಿದ್ದರು. ಫಿಲ್ಮಿನ ಮೇಲಿನ ಸಂಖ್ಯೆ ಅದು ಎಷ್ಟು ಕಡಿಮೆ ಬೆಳಕಲ್ಲಿ ಚಿತ್ರ ಹಿಡಿಯುತ್ತದೆ ಅನ್ನುವುದರ ಅಳತೆ. ಬೆಳಕು ಸಾಲದೆ 400ರ ಫಿಲ್ಮನ್ನು ಕ್ಯಾಮೆರಾದಲ್ಲಿ 1600ಕ್ಕೆ ಇಟ್ಟು ತೆಗೆದಿದ್ದೇನೆ ಅಂದರೆ ಸಾಕು. ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ನಲ್ಲಿ ಎಷ್ಟು ನಿಮಿಷ ಜಾಸ್ತಿ ಬಿಡಬೇಕು ಅಂತ ಅವರಿಗೆ ಗೊತ್ತಿತ್ತು. ಆಮೇಲೆ ಫೋಟೊ ಎಡಿಟರ್, ರೋಲಿನ ಎಲ್ಲ ಚಿತ್ರಗಳನ್ನೂ ಚಿಕ್ಕದಾಗಿ ಮುದ್ರಿಸಿದ ಕಾಂಟ್ಯಾಕ್ಟ್ ಶೀಟ್ ಮೇಲೆ ಭೂತಗನ್ನಡಿ ಇಟ್ಟು ಒಂದು ಚಿತ್ರ ಆರಿಸುತ್ತಿದ್ದರು. ನೆಗೆಟಿವ್‌ಗಳು ತಾರೀಕಿನ ಪ್ರಕಾರ ಲೈಬ್ರರಿ ಸೇರುತ್ತಿದ್ದವು.

1999ರಲ್ಲಿ ನಿಕಾನ್ ಡಿ1 ಅನ್ನುವ ಡಿಜಿಟಲ್ ಕ್ಯಾಮೆರಾ ಬಂತು. ಬರೀ 2.7 ಮೆಗಾಪಿಕ್ಸೆಲ್, ಆದರೆ ಪತ್ರಿಕೆಯ ಮುದ್ರಣಕ್ಕೆ ಅಷ್ಟು ಸಾಕಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ನಮ್ಮಲ್ಲೂ ಡಿಜಿಟಲ್ ಬಂದು, ಡಾರ್ಕ್‌ರೂಮಿಗೆ ಬೀಗ ಬಿತ್ತು. ನಮಗೆ ಫಿಲ್ಮ್ ಅಂದರೆ ಕೊಡಾಕ್. 1975ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿದ್ದೂ ಅದೇ ಕಂಪನಿಯ ಎಂಜಿನಿಯರ್. ಆ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಇನ್ನು ಕೆಲಸ ಹಗುರ ಅಂದುಕೊಂಡಿದ್ದೆ. ಆದರೆ ಮೂರು ಜನರ ಕೆಲಸ ನನ್ನೊಬ್ಬನ ಮೇಲೆ ಬಿತ್ತು. 600 ಚಿತ್ರ ತೆಗೆಯಬೇಕು, ಆರಿಸಬೇಕು, ಬಣ್ಣ ತಿದ್ದಬೇಕು, ಕ್ಯಾಪ್ಷನ್ ಬರೆದು ಕಳಿಸಬೇಕು. ಅದೂ ಕಾರ್ಯಕ್ರಮ ಮುಗಿಯುವ ಮೊದಲೇ!

ಎಲ್ಲಕ್ಕಿಂತ ಕಷ್ಟ ಆರಿಸುವುದು. ನಾವೇ ತೆಗೆದ ಚಿತ್ರದ ಮೇಲೆ ನಮಗೆ ಮೋಹ ಇರುತ್ತದೆ, ಅಲ್ವಾ? ತೆಗೆಯಲು ಪಟ್ಟ ಕಷ್ಟವೂ ಚಿತ್ರದಲ್ಲಿ ಕಾಣುತ್ತಿದೆ ಅನ್ನಿಸುತ್ತದೆ. ಓದುಗರಿಗೆ ಅದು ಕಾಣುವುದಿಲ್ಲ. ಹಾಗಾಗಿ ಬಿಡುವು ಸಿಕ್ಕಾಗಲೆಲ್ಲ ಚೆನ್ನಾಗಿ ಬಂದದ್ದನ್ನು ಗುರುತಿಗಾಗಿ ಕ್ಯಾಮೆರಾದಲ್ಲೇ ಲಾಕ್ ಮಾಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಲಾಕ್ ಆದವನ್ನಷ್ಟೇ ತೆರೆಯುತ್ತೇನೆ. ಸುಮಾರು 30 ಉಳಿಯುತ್ತವೆ. ಯಾರು, ಎಲ್ಲಿ, ಯಾವತ್ತು ಅನ್ನುವುದನ್ನು ಫೈಲಿನ ಒಳಗೇ, ಚಿತ್ರದ ಜೊತೆಗೇ ಹೋಗುವ ಐಪಿಟಿಸಿ ಅನ್ನುವ ವಿವರದಲ್ಲಿ ಬರೆಯುತ್ತೇನೆ. ಡೆಸ್ಕಿನಲ್ಲಿ ಯಾರು ತೆರೆದರೂ ಹೆಸರು ತಪ್ಪುವುದಿಲ್ಲ.

ಲೈಬ್ರರಿಯ ಕೆಲಸವೂ ನನ್ನದೇ ಅಂತ ಹೊಳೆದಿರಲಿಲ್ಲ. ಒಂದು ಹಾರ್ಡ್ ಡಿಸ್ಕ್ ಕೆಟ್ಟು ಎರಡು ವರ್ಷದ ಚಿತ್ರಗಳು ಹೋದವು. ಈಗ ಪ್ರತಿ ಚಿತ್ರಕ್ಕೂ ಮೂರು ಕಾಪಿ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ.

ಬಿಡುವಾದಾಗ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಿದ್ದೇನೆ. ಒಂದೂ ಕೆಟ್ಟಿಲ್ಲ. ಕೆಲವು ಕವರುಗಳ ಮೇಲೆ ಪೆನ್ಸಿಲ್‌ನಲ್ಲಿ ಆ ಹಿರಿಯರ ಅಕ್ಷರ ಇನ್ನೂ ಇದೆ: ತಾರೀಕು, ನನ್ನ ಹೆಸರು, ಪಕ್ಕದಲ್ಲಿ 1600.